ಬಿಸಿನೀರು ತನ್ನಿ!

ಹಳೇ ಚಿತ್ರಗಳ ಹೆರಿಗೆ ಸೀನು ನಿಮಗೆಲ್ಲ ಬಾಯಿಪಾಠ. ಹೊರಗೆ ಗುಡುಗು, ಮಿಂಚು. ನಾಯಕ ಜಗಲಿ ಮೇಲೆ ಶತಪಥ ತಿರುಗುತ್ತಾನೆ. ಒಳಗಿನಿಂದ ‘ಬಿಸಿನೀರು ತನ್ನಿ’ ಅಂತ ಕೂಗು. ಆಮೇಲೆ ಮಗುವಿನ ಅಳು! ಬಾಗಿಲು ತೆಗೆದು ಮುದುಕಿಯೊಬ್ಬಳು ‘ಗಂಡು ಮಗು’ ಅಂತಾಳೆ. ಮುಗೀತು ಅವಳ ಪಾತ್ರ. ಟೈಟಲ್ ಕಾರ್ಡಿನಲ್ಲೂ ಹೆಸರಿಲ್ಲ.

ಆ ಮುದುಕಿ ನನ್ನಜ್ಜಿ, ಸ್ವಾಮಿ! ಪರದೆ ಮೇಲಿನವಳಲ್ಲ, ಮಧುಗಿರಿ ಸೀಮೆಯ ನಮ್ಮೂರಿನ ಸೂಲಗಿತ್ತಿ.

‘ಅಷ್ಟೊಂದು ಬಿಸಿನೀರು ಯಾಕಜ್ಜಿ?’ ಅಂದ್ರೆ, ‘ಕಾಫಿ ಕಾಸಕ್ಕೆ ಕಣ್ಲಾ’ ಅಂತ ನಗೋಳು. ಕೈ ತೊಳೆಯೋಕೆ, ಹೊಕ್ಕುಳಬಳ್ಳಿಯ ಬ್ಲೇಡು, ದಾರ ಕುದಿಸೋಕೆ, ಮಗುವಿನ ಮೈ ತೊಳೆಯೋಕೆ ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಹಗಲೆಲ್ಲ ಕಡಲೆಕಾಯಿ ಹೊಲದಲ್ಲಿ ಕಳೆ ಕೂಲಿ. ರಾತ್ರಿ ಯಾರಾದರೂ ಲಾಟೀನು ಹಿಡಿದು ಬಂದರೆ ಎದ್ದು ಹೊರಟಳು. ಕೊಟ್ಟರೆ ಒಂದು ಮೊರ ರಾಗಿ, ಎಲೆ ಅಡಿಕೆ, ರವಿಕೆ ಕಣ. ಕೊಡದಿದ್ದರೆ ಅದೂ ಇಲ್ಲ. ಅಡುಗೆಮನೆ ಹೊಸ್ತಿಲು ದಾಟಿಸದ ಮನೆಯವರೂ ಹೆರಿಗೆ ಕೋಣೆಗೆ ಮಾತ್ರ ಕೈಹಿಡಿದು ಕರ್ಕೊಂಡು ಹೋಗೋರು!

ನನಗೆ ಸಿನಿಮಾ ಹುಚ್ಚು ಹಿಡಿಸಿದವಳೂ ಅವಳೇ. ಟೆಂಟಿನ ಗಾಂಧಿ ಕ್ಲಾಸಿನ ಮರಳಲ್ಲಿ ನನ್ನ ತೊಡೆ ಮೇಲೆ ಕೂರಿಸಿಕೊಳ್ಳೋಳು. 1972ರ ‘ಬಂಗಾರದ ಮನುಷ್ಯ’ಕ್ಕೆ ಮೂರು ಸಲ ಹೋದೆವು, ಮೂರು ಸಲವೂ ಅರ್ಧದಲ್ಲೇ ಯಾರೋ ಕರೆಯೋಕೆ ಬಂದರು. ಕೊನೆ ಕಥೆ ನಾನೇ ಹೇಳಬೇಕಾಯ್ತು. ರಾಜೀವ ಮನೆ ಬಿಟ್ಟು ಹೊರಟುಹೋದ ಅಂದೆ. ‘ಯಾಕ್ಲಾ? ಊರಲ್ಲಿ ಕೆಲ್ಸ ಇರ್ಲಿಲ್ವಾ?’ ಅಂದಳು. ಅಣ್ಣಾವ್ರ ಅಭಿಮಾನಿ ನಾನು, ಆದರೂ ಉತ್ತರ ಹೊಳೀಲಿಲ್ಲ.

ಎಲ್ಲ ಸೀನೂ ‘ಗಂಡು ಮಗು’ ಅಂತ ಮುಗಿಯಲ್ಲ. ನನ್ನ ಸೋದರತ್ತೆ, ಅಜ್ಜಿಯ ಸ್ವಂತ ಮಗಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಗು ಉಳಿಯಿತು, ರಕ್ತ ನಿಲ್ಲಲಿಲ್ಲ. ಗಾಡಿ ಕಟ್ಟಿ ಪೇಟೆ ಆಸ್ಪತ್ರೆಗೆ ಹೊರಟವರು ಅರ್ಧ ದಾರಿಯಲ್ಲೇ ಎತ್ತು ತಿರುಗಿಸಿದರು. ತಿಥಿ ಕಳೆದ ಮೂರನೇ ರಾತ್ರಿ ಮತ್ತೆ ಬಾಗಿಲು ಬಡಿದರು. ಅಪ್ಪ ‘ಬೇಡಮ್ಮ’ ಅಂದರು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ನಾನು ಅತ್ತು ಮುಗಿಸೋಗಂಟ ಆ ಹುಡುಗಿ ನೋವು ಕಾಯ್ತದಾ?’ ಅಂತ ಹೊರಟೇಬಿಟ್ಟಳು.

ನಮ್ಮ ಜಿಲ್ಲೆಯಲ್ಲೇ, ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮ ಇದ್ದರು. 15 ಸಾವಿರಕ್ಕೂ ಹೆಚ್ಚು ಹೆರಿಗೆ, ಕಾಸು ಮುಟ್ಟದೆ! 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಆ ತಾಯಿಯ ಫೋಟೋ ಪತ್ರಿಕೆಯಲ್ಲಿ ಬಂದಾಗ ನಮ್ಮಪ್ಪ ಕತ್ತರಿಸಿ ಅಜ್ಜಿ ಫೋಟೋ ಪಕ್ಕ ಅಂಟಿಸಿದರು.

ಹಾಗಂತ ಹಳೇದೇ ಚೆನ್ನ ಅನ್ನೋ ಡೈಲಾಗು ನನ್ನದಲ್ಲ. 2008ರ ನವೆಂಬರಿನಲ್ಲಿ ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂತು. ಎಂಬತ್ತು ದಾಟಿದ್ದ ಅಜ್ಜಿಯೇ ಬಸುರಿಯರ ಮನೆಮನೆಗೆ ಹೋಗಿ ‘ಆ ನಂಬರು ಗೋಡೆ ಮೇಲೆ ಬರ‍್ಕಳ್ರವ್ವಾ’ ಅಂತ ಗದರಿಸಿ ಬಂದಳು. ಮೊದಲ ಸಲ ಆ ಗಾಡಿ ಊರೊಳಗೆ ಬಂದಾಗ ಹತ್ತಿರ ಹೋಗಿ, ಅದರ ಬಾಗಿಲನ್ನು ಕೈಯಿಂದ ಸವರಿದಳು. ಯಾಕಜ್ಜಿ ಅಂತ ನಾನು ಕೇಳಲಿಲ್ಲ.

ಅವಳು ಹೋದ ದಿನ ಚಟ್ಟ ಹೊರೋಕೆ ಊರಲ್ಲಿ ಜಗಳ. ‘ನನ್ನನ್ನ ಎತ್ತಿದ ಕೈ ಕಣ್ರೀ, ಬಿಡ್ರೀ ಇತ್ಲಾಗೆ’ ಅಂತ ಒಬ್ಬೊಬ್ಬರೂ. ನನಗೆ ಹೆಗಲು ಕೊಡೋ ಸರದಿ ಬಂದಿದ್ದು ಕೆರೆ ಏರಿ ದಾಟಿದ ಮೇಲೆ.