ಉತ್ತರ ಕೊಡಿ, ಹಣೆಪಟ್ಟಿ ಕಟ್ಟಬೇಡಿ

ಎಂಟು ವರ್ಷಗಳ ಹಿಂದಿನ ಮಾತು. ನಾನಾಗ ಒಂದು ಪತ್ರಿಕೆಯಲ್ಲಿ ಓದುಗರ ಪತ್ರಗಳ ಪುಟವನ್ನು ನೋಡಿಕೊಳ್ಳುತ್ತಿದ್ದೆ. ಮಲೆನಾಡಿನ ಒಂದು ಪಟ್ಟಣದಿಂದ ನಿವೃತ್ತ ಉರ್ದು ಶಾಲಾ ಮಾಸ್ತರರೊಬ್ಬರು ಪತ್ರ ಬರೆದಿದ್ದರು. ಅವರ ಊರಿನ ಬಸ್ ನಿಲ್ದಾಣದ ಪಕ್ಕದ ಮಸೀದಿಯನ್ನು ವಿಸ್ತರಿಸಿ ಕಟ್ಟಲಾಗುತ್ತಿತ್ತು. ಆಸ್ಪತ್ರೆಗೆ, ಕಚೇರಿಗೆ, ಪೇಟೆಗೆಂದು ಸುತ್ತಲಿನ ಹಳ್ಳಿಗಳಿಂದ ಬರುವ ಮಹಿಳೆಯರು ಝುಹರ್ ಮತ್ತು ಅಸರ್ ನಮಾಝ್‌ಗಳನ್ನು ಎಲ್ಲಿ ನಿರ್ವಹಿಸಬೇಕು? ಹೊಸ ಕಟ್ಟಡದಲ್ಲಿ ಅವರಿಗಾಗಿ ವುಝೂ ಮಾಡುವ ಸೌಕರ್ಯವಿರುವ ಒಂದು ಪ್ರತ್ಯೇಕ ಕೋಣೆಯನ್ನು ಏಕೆ ಬಿಡಬಾರದು? ಇಷ್ಟೇ ಅವರ ಪ್ರಶ್ನೆ. ಪತ್ರದಲ್ಲಿ ಯಾರನ್ನೂ ದೂಷಿಸಿರಲಿಲ್ಲ. ಒಂದೂವರೆ ಪುಟದಷ್ಟು ಅಚ್ಚುಕಟ್ಟಾದ ಕೈಬರಹ.

ಅದಕ್ಕೆ ಅದೇ ಊರಿನಿಂದ ಪ್ರತಿಕ್ರಿಯೆ ಬಂತು. ಅದರಲ್ಲಿ ಕೋಣೆಯ ಪ್ರಸ್ತಾಪವೇ ಇರಲಿಲ್ಲ. ಮಾಸ್ತರರು ಯಾರದೋ ಏಜೆಂಟರೆಂದೂ, ಫಜ್ರ್ ನಮಾಝ್‌ಗೆ ಮಸೀದಿಯಲ್ಲಿ ಕಾಣಿಸದವರು ಮಸೀದಿಯ ಬಗ್ಗೆ ಉಪದೇಶಿಸುತ್ತಿದ್ದಾರೆಂದೂ, ಮಗಳನ್ನು ಕಚೇರಿಗೆ ಕಳುಹಿಸುವವರಿಂದ ಇನ್ನೇನನ್ನು ನಿರೀಕ್ಷಿಸಲು ಸಾಧ್ಯವೆಂದೂ ಬರೆಯಲಾಗಿತ್ತು. ಆ ಪತ್ರವನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು. ಹಿಂದಿರುಗಿಸಿ ವಿಷಯದ ಬಗ್ಗೆ ಬರೆಯಿರಿ ಎಂದು ಕೇಳಬಹುದಿತ್ತು. ನಾನು ಅದನ್ನು ಪ್ರಕಟಿಸಿದೆ. ಅಷ್ಟೇ ಅಲ್ಲ, 'ಮಾಸ್ತರರ ಮುಖವಾಡ' ಎಂಬ ಶೀರ್ಷಿಕೆಯನ್ನು ನಾನೇ ಕೊಟ್ಟೆ. ಪ್ರಾಸ ಚೆನ್ನಾಗಿ ಕೂಡಿಬಂತೆಂದು ಸಂತೋಷಪಟ್ಟದ್ದೂ ನೆನಪಿದೆ.

ಮುಂದಿನ ಎರಡು ವಾರಗಳಲ್ಲಿ ಹದಿನಾಲ್ಕು ಪತ್ರಗಳು ಬಂದವು. ಪುಟ ಇಷ್ಟು ಸಜೀವವಾದದ್ದು ಬಹಳ ದಿನಗಳ ನಂತರ ಎಂದು ಕಚೇರಿಯಲ್ಲಿ ಮೆಚ್ಚುಗೆಯೂ ಸಿಕ್ಕಿತು. ಆದರೆ ಆ ಹದಿನಾಲ್ಕರಲ್ಲಿ ಒಂದೂ ಮಹಿಳೆಯರ ನಮಾಝ್‌ನ ಸ್ಥಳದ ಬಗ್ಗೆ ಇರಲಿಲ್ಲ. ಎಲ್ಲವೂ ಮಾಸ್ತರರ ಬಗ್ಗೆ. ಪರವಾಗಿ ಬರೆದವರೂ ಅವರ ಬಗ್ಗೆಯೇ ಬರೆದರು, ವಿರುದ್ಧವಾಗಿ ಬರೆದವರೂ ಅವರ ಬಗ್ಗೆಯೇ ಬರೆದರು. ಇಪ್ಪತ್ತು ವರ್ಷಗಳಿಂದ ಮಸೀದಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಅವರಿಂದ ಆ ಹೊಣೆಯನ್ನು ಹಿಂದಕ್ಕೆ ಪಡೆಯಲಾಯಿತು. ಮಾತುಕತೆಯ ಹಂತದಲ್ಲಿದ್ದ ಮಗಳ ಸಂಬಂಧ ನಿಂತುಹೋಯಿತು. ವಿಷಯ ತಿಳಿದು ನಾನು ಅವರ ಮನೆಗೆ ಹೋದಾಗ ಅವರು ಗದರಲಿಲ್ಲ. ಚಹಾ ತರಿಸಿದರು. ಬಹಳ ಹೊತ್ತು ಹವಾಮಾನದ ಬಗ್ಗೆ, ಅಡಿಕೆ ಧಾರಣೆಯ ಬಗ್ಗೆ ಮಾತನಾಡಿದರು. ಹೊರಡುವಾಗ ಬಾಗಿಲವರೆಗೆ ಬಂದು, "ಬೇಟಾ, ನನ್ನ ಪತ್ರಕ್ಕೆ ನೀನು ಉತ್ತರ ಹಾಕುತ್ತೀಯೆಂದು ಕಾದಿದ್ದೆ. ನೀನು ನನ್ನ ಮೇಲೆ ತೀರ್ಪು ಹಾಕಿದೆ" ಎಂದರು. ಅವರು ಮತ್ತೆಂದೂ ಪತ್ರ ಬರೆಯಲಿಲ್ಲ.

ಮಾಸ್ತರರ ಪ್ರಶ್ನೆ ಅಷ್ಟೊಂದು ವಿಚಿತ್ರವಾದುದೇ? ಮಹಿಳೆಯರನ್ನು ಮಸೀದಿಯಿಂದ ತಡೆಯಬಾರದೆಂಬ ಅರ್ಥದ ಹದೀಸ್‌ಗಳು ಪ್ರಸಿದ್ಧವಾಗಿವೆ. ಮಹಿಳೆಗೆ ಮನೆಯಲ್ಲಿನ ನಮಾಝ್ ಹೆಚ್ಚು ಉತ್ತಮವೆಂಬ ಅರ್ಥದ ಹದೀಸ್‌ಗಳೂ ಇವೆ. ನಂತರದ ಕಾಲದ ಹನಫಿ ವಿದ್ವಾಂಸರು ಕಾಲದ ಫಿತ್ನಾವನ್ನು ಕಾರಣವಾಗಿಸಿ ಅದನ್ನು ಮಕ್‌ರೂಹ್ ಎಂದಿದ್ದಾರೆ. 2020ರಲ್ಲಿ ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯು, ಮಹಿಳೆಯರು ಮಸೀದಿಯನ್ನು ಪ್ರವೇಶಿಸಿ ನಮಾಝ್ ನಿರ್ವಹಿಸಲು ಅನುಮತಿಯಿದೆಯೆಂದು ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರದಲ್ಲಿಯೇ ತಿಳಿಸಿತು. ಅಂದರೆ ಎರಡೂ ಕಡೆ ಹೇಳಲು ಸಾಕಷ್ಟಿತ್ತು. ಮಾಸ್ತರರನ್ನು ಒಪ್ಪದ ಒಬ್ಬ ಮೌಲವಿ ಫಿಕ್ಹ್ ಗ್ರಂಥಗಳನ್ನು ಮುಂದಿಟ್ಟು ಬರೆದಿದ್ದರೆ ಓದುಗರು ಎಷ್ಟನ್ನು ಕಲಿಯಬಹುದಿತ್ತು! ಆ ಅವಕಾಶವನ್ನು ಕಳೆದವನು ನಾನು.

ನನ್ನ ಅಪರಾಧ ಇನ್ನೂ ದೊಡ್ಡದು. ಏಕೆಂದರೆ ನಾನು ಅಜ್ಞಾನದಿಂದ ಹಾಗೆ ಮಾಡಿದವನಲ್ಲ. ಮದ್ರಸದಲ್ಲಿ ನಾವು 'ರಶೀದಿಯ್ಯ' ಎಂಬ ಗ್ರಂಥವನ್ನು ಓದಿದ್ದೆವು. ಜೌನ್‌ಪುರದ ಅಬ್ದುರ್ರಶೀದ್‌ರ ಈ ಕೃತಿ ದರ್ಸೆ ನಿಝಾಮಿ ಪಠ್ಯಕ್ರಮದಲ್ಲಿ ವಾದಶಾಸ್ತ್ರದ ಪಾಠಪುಸ್ತಕ. ಅದರಲ್ಲಿ ಮೊದಲಿಗೇ ಮೂರು ಪದಗಳನ್ನು ಬೇರ್ಪಡಿಸಲಾಗುತ್ತದೆ. ಸತ್ಯವನ್ನು ಹೊರತರಲೆಂದು ಇಬ್ಬರು ನಡೆಸುವ ಚರ್ಚೆ ಮುನಾಝರ. ಎದುರಾಳಿಯ ಬಾಯಿ ಮುಚ್ಚಿಸಲೆಂದು ಮಾತ್ರ ನಡೆಯುವುದು ಮುಜಾದಲ. ಸತ್ಯವೂ ಬೇಡ, ಗೆಲುವೂ ಬೇಡ, ಹಠವೊಂದೇ ಸಾಕು ಎಂಬುದು ಮುಕಾಬರ. ನಂತರ ಕಾಲೇಜಿನಲ್ಲಿ ಕಲಾ ವಿಭಾಗದ ವಿದ್ಯಾರ್ಥಿಯಾಗಿ ಭಾರತೀಯ ದರ್ಶನಗಳ ಪಾಠ ಕೇಳುವಾಗ ನಾನು ಬೆಚ್ಚಿಬಿದ್ದಿದ್ದೆ. ಗೌತಮನ ನ್ಯಾಯಸೂತ್ರಗಳಲ್ಲಿಯೂ ಮೂರು ವಿಭಾಗಗಳು! ತತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಕೇವಲ ಎದುರಿನವನದನ್ನು ಕೆಡವುತ್ತಾ ಹೋಗುವುದು ವಿತಂಡ. ವಿತಂಡವಾದವೆಂಬ ಮಾತನ್ನು ನಾವು ದಿನಕ್ಕೊಮ್ಮೆ ಬೈಗುಳದಂತೆ ಬಳಸುತ್ತೇವೆ. ಎರಡು ವಿಭಿನ್ನ ಜ್ಞಾನ ಪರಂಪರೆಗಳು ಒಂದೇ ರೋಗವನ್ನು ಗುರುತಿಸಿ ಅದಕ್ಕೆ ಹೆಸರುಗಳನ್ನೂ ಕೊಟ್ಟಿದ್ದವು. ಎರಡನ್ನೂ ಓದಿ ಪರೀಕ್ಷೆ ಬರೆದು ಅಂಕ ಪಡೆದವನು ಸಂಪಾದಕರ ಮೇಜಿನ ಮುಂದೆ ಕುಳಿತು 'ಮಾಸ್ತರರ ಮುಖವಾಡ' ಎಂದು ಬರೆದ.

ರಶೀದಿಯ್ಯದ ಇನ್ನೊಂದು ಪಾಠ ನನಗೆ ಈಗ ಹೆಚ್ಚು ಮುಖ್ಯವಾಗಿ ಕಾಣುತ್ತಿದೆ. ಚರ್ಚೆಗೆ ಕುಳಿತವನು ಬೇರೆಯವರ ಮಾತನ್ನು ಉದ್ಧರಿಸಿದರೆ ಅವನನ್ನು ಕೇಳಬೇಕಾದ ಮೊದಲ ಪ್ರಶ್ನೆ, 'ಆ ಮಾತು ಅಲ್ಲಿ ನಿಜವಾಗಿ ಹಾಗೆಯೇ ಇದೆಯೇ?' ಎಂಬುದು. ಅದಕ್ಕೆ ತಸ್‌ಹೀಹುನ್ನಕ್ಲ್ ಎನ್ನುತ್ತಾರೆ. ತಾನೇ ಏನನ್ನಾದರೂ ಪ್ರತಿಪಾದಿಸಿದರೆ ಆಗ ಪುರಾವೆ ಕೇಳಬೇಕು. ಇಲ್ಲಿ ಮಾತಿನ ಸಿಹಿ ಕಹಿಯ ಪ್ರಶ್ನೆಯೇ ಬರುವುದಿಲ್ಲ. ಸಭ್ಯತೆಯೆಂದರೆ ಮೊದಲಿಗೆ ಪ್ರಾಮಾಣಿಕತೆ: ಎದುರಿನವನು ಹೇಳಿದ್ದನ್ನು ಅವನು ಹೇಳಿದಂತೆಯೇ ಹೇಳುವುದು. 'ಕೋಣೆ ಬಿಡಿ' ಎಂದವನ ಬಾಯಲ್ಲಿ 'ಮಹಿಳೆಯರನ್ನು ಬೀದಿಗೆ ತನ್ನಿ' ಎಂಬ ಮಾತನ್ನು ತುರುಕಿದ ಮೇಲೆ ಎಷ್ಟು ಸಲ 'ಗೌರವಾನ್ವಿತ ಸಹೋದರರೇ' ಎಂದು ಸಂಬೋಧಿಸಿದರೂ ಅದು ಅಸಭ್ಯವೇ.

ಉರ್ದು ಪಠ್ಯಪುಸ್ತಕಗಳನ್ನು ಓದಿದವರಿಗೆ ಸರ್ ಸಯ್ಯದ್ ಅಹ್ಮದ್ ಖಾನರ 'ಬಹಸ್ ವ ತಕ್ರಾರ್' ಎಂಬ ಪುಟ್ಟ ಪ್ರಬಂಧ ನೆನಪಿರಬಹುದು. 1870ರಲ್ಲಿ ತಹ್ಝೀಬುಲ್ ಅಖ್ಲಾಕ್ ಪತ್ರಿಕೆಯನ್ನು ಆರಂಭಿಸಿದ ಅವರು ಸಮುದಾಯದ ಮಾತಿನ ರೀತಿಯನ್ನೂ ಸುಧಾರಣೆಯ ಭಾಗವೆಂದೇ ಪರಿಗಣಿಸಿದ್ದರು. ಆ ಪ್ರಬಂಧದಲ್ಲಿ ಎರಡು ನಾಯಿಗಳು ಎದುರಾಗುವ ದೃಶ್ಯವಿದೆ. ಮೊದಲು ದುರುಗುಟ್ಟುವುದು, ಬಳಿಕ ಗುರುಗುಟ್ಟುವುದು, ಹಲ್ಲು ತೋರಿಸುವುದು, ಕೊನೆಗೆ ಒಂದರ ಮೇಲೊಂದು ಎರಗುವುದು. ಸಂಸ್ಕಾರವಿಲ್ಲದ ಜನರ ಸಭೆಯೂ ಸಲಾಮಿನಿಂದ ಆರಂಭವಾಗಿ ಹಂತಹಂತವಾಗಿ ಅಲ್ಲಿಗೇ ತಲುಪುತ್ತದೆಯೆಂದು ಅವರು ತೋರಿಸಿಕೊಟ್ಟರು. ಹಾಗೆಂದು ಚರ್ಚೆಯೇ ಬೇಡವೆಂದು ಅವರು ಹೇಳಲಿಲ್ಲ. ಅಭಿಪ್ರಾಯಗಳನ್ನು ಉಜ್ಜಿ ನೋಡುವ ಒರೆಗಲ್ಲು ಚರ್ಚೆಯೇ ಎಂಬುದು ಅವರ ನಿಲುವಾಗಿತ್ತು.

ವಿಪರ್ಯಾಸವೆಂದರೆ, ಅದನ್ನು ಬರೆದ ಸರ್ ಸಯ್ಯದರ ವಿರುದ್ಧವೇ ಕುಫ್ರ್‌ನ ಫತ್ವಾಗಳು ಹೊರಟವು. ಹಾಗೆ ಹೊರಡಿಸಿದವರ ವಾದಗಳನ್ನು ಇಂದು ಯಾರು ಓದುತ್ತಾರೆ? ಆದರೆ ಅವರನ್ನು ವಿರೋಧಿಸಿದ ಮೌಲಾನಾ ಮುಹಮ್ಮದ್ ಕಾಸಿಮ್ ನಾನೌತವಿಯವರ 'ತಸ್ಫಿಯತುಲ್ ಅಕಾಇದ್' ಇಂದಿಗೂ ಉಳಿದಿದೆ. 1866ರಲ್ಲಿ ದೇವಬಂದ್ ಮದ್ರಸದ ಸ್ಥಾಪನೆಯಲ್ಲಿ ಪ್ರಮುಖರಾಗಿದ್ದ ಅವರಿಗೂ, 1875ರಲ್ಲಿ ಅಲೀಗಢದಲ್ಲಿ ಆಧುನಿಕ ಶಿಕ್ಷಣದ ಸಂಸ್ಥೆಯನ್ನು ಆರಂಭಿಸಿದ ಸರ್ ಸಯ್ಯದರಿಗೂ ಇದ್ದ ಭಿನ್ನಾಭಿಪ್ರಾಯ ಸಣ್ಣದಲ್ಲ. ಅದು ಧರ್ಮವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂಬುದರ ಬುಡದ ಬಗ್ಗೆಯೇ ಆಗಿತ್ತು. ಸರ್ ಸಯ್ಯದರು ತಮ್ಮ ಹದಿನೈದು ತತ್ವಗಳನ್ನು ಬರೆದು ಕಳುಹಿಸಿದರು. ಮೌಲಾನಾ ಅವುಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದರು. ಹೆಚ್ಚಿನವುಗಳಲ್ಲಿ ಇಬ್ಬರೂ ಒಂದಾಗಲಿಲ್ಲ. 1880ರ ಏಪ್ರಿಲ್‌ನಲ್ಲಿ ಮೌಲಾನಾ ನಿಧನರಾದಾಗ ಸರ್ ಸಯ್ಯದರು ತಮ್ಮ ಅಲೀಗಢ ಇನ್‌ಸ್ಟಿಟ್ಯೂಟ್ ಗೆಝೆಟ್‌ನಲ್ಲಿ ಶ್ರದ್ಧಾಂಜಲಿ ಬರೆದರು. ಮೌಲಾನಾರ ಭಕ್ತಿ, ಸರಳತೆ, ವಿದ್ವತ್ತುಗಳನ್ನು ಮನಸಾರೆ ಕೊಂಡಾಡಿದ ಅವರು, ಮೌಲಾನಾರ ವಿರೋಧದಲ್ಲಿ ಸ್ವಾರ್ಥದ ಲೇಪವಿರಲಿಲ್ಲವೆಂದೂ, ದೇವಬಂದ್ ಮದ್ರಸವನ್ನು ಉಳಿಸಿಕೊಳ್ಳುವುದು ಎಲ್ಲರ ಕರ್ತವ್ಯವೆಂದೂ ಸಾರಿದರು. ಇಂದು ನಮ್ಮ ಪಟ್ಟಣಗಳಲ್ಲಿ ಅಲೀಗಢದ ಅಭಿಮಾನಿಗಳೂ ಇದ್ದಾರೆ, ದೇವಬಂದ್‌ನ ಅಭಿಮಾನಿಗಳೂ ಇದ್ದಾರೆ. ಈ ಒಂದು ಶ್ರದ್ಧಾಂಜಲಿಯ ಬಗ್ಗೆ ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಇಲ್ಲೊಂದು ಆಕ್ಷೇಪವಿದೆ, ಅದು ನ್ಯಾಯವಾದುದೇ. ಸಭ್ಯತೆಯ ಮಾತು ಹೆಚ್ಚಾಗಿ ಕೇಳಿಬರುವುದು ಬಲಿಷ್ಠರ ಬಾಯಿಂದ. ವರದಕ್ಷಿಣೆ ತೆಗೆದುಕೊಂಡವನ ಹೆಸರು ಜಮಾಅತ್ ಸಭೆಯಲ್ಲಿ ಎತ್ತಿದ ಕೂಡಲೇ 'ಅದಬ್‌ನಿಂದ ಮಾತನಾಡಿ' ಎನ್ನಲಾಗುತ್ತದೆ. ಮಕ್ಕಳ ಖರ್ಚಿಗಾಗಿ ಅಲೆಯುತ್ತಿರುವ ವಿಚ್ಛೇದಿತೆ ಧ್ವನಿಯೇರಿಸಿದರೆ ಅವಳ ದೂರನ್ನು ಬಿಟ್ಟು ಅವಳ ಧ್ವನಿಯನ್ನೇ ವಿಚಾರಣೆಗೆ ಒಳಪಡಿಸಲಾಗುತ್ತದೆ. ಇಂತಹ ಅದಬ್ ನನಗೆ ಬೇಡ. ನೊಂದವರ ಮಾತು ಒರಟಾಗಿದ್ದರೆ ಅದನ್ನು ಸಹಿಸಿಕೊಳ್ಳುವುದು ಕೇಳುವವರ ಸಭ್ಯತೆ. ಮಾತು ಖಾರವಾಗಿರಲಿ, ಆದರೆ ಅದು ಕೃತ್ಯದ ಮೇಲಿರಲಿ, ಅಂಗೈಯಲ್ಲಿ ಪುರಾವೆಯಿರಲಿ.

ಖಾರಕ್ಕೂ ಪ್ರಾಮಾಣಿಕತೆಗೂ ವೈರವಿಲ್ಲ ಎಂಬುದಕ್ಕೆ ಬಾಬಾಸಾಹೇಬ್ ಅಂಬೇಡ್ಕರರಿಗಿಂತ ದೊಡ್ಡ ಉದಾಹರಣೆ ಬೇಕೇ? 1936ರಲ್ಲಿ ಲಾಹೋರಿನಲ್ಲಿ ಮಾಡಲು ಅವಕಾಶ ಸಿಗದ ತಮ್ಮ ಭಾಷಣವನ್ನು ಅವರು 'ಜಾತಿ ವಿನಾಶ'ವೆಂಬ ಕೃತಿಯಾಗಿ ತಾವೇ ಮುದ್ರಿಸಿದರು. ಅದರ ಭಾಷೆ ಎಲ್ಲಿಯೂ ಮೆತ್ತಗಿಲ್ಲ. ಗಾಂಧೀಜಿ ಹರಿಜನ್ ಪತ್ರಿಕೆಯಲ್ಲಿ ಅದನ್ನು ಟೀಕಿಸಿದರು. 1937ರಲ್ಲಿ ಎರಡನೆಯ ಮುದ್ರಣ ತಂದಾಗ ಅಂಬೇಡ್ಕರರು ಏನು ಮಾಡಿದರು? ಗಾಂಧೀಜಿಯ ಟೀಕೆಯನ್ನು ತಮ್ಮದೇ ಪುಸ್ತಕದಲ್ಲಿ ಸೇರಿಸಿ, ಅದರ ಜೊತೆಗೆ ತಮ್ಮ ಉತ್ತರವನ್ನು ಅಚ್ಚು ಹಾಕಿಸಿದರು. ಎದುರಾಳಿಯ ಮಾತನ್ನು ಬಚ್ಚಿಡುವ ಅಗತ್ಯ ಅವರಿಗೆ ಕಾಣಲಿಲ್ಲ.

ನಮಗೆ ಮಾತ್ರ ಆ ಅಗತ್ಯ ಪದೇಪದೇ ಕಾಣುತ್ತದೆ. ಕೋಮುವಾದಿಗಳು ನಮ್ಮ ಮಾತನ್ನು ತಿರುಚುತ್ತಾರೆ, ನಾವಾಡದ್ದನ್ನು ನಮ್ಮ ಬಾಯಿಗೆ ಹಾಕುತ್ತಾರೆ, ಒಬ್ಬನ ತಪ್ಪಿಗೆ ಇಡೀ ಸಮುದಾಯಕ್ಕೆ ಹಣೆಪಟ್ಟಿ ಕಟ್ಟುತ್ತಾರೆಂದು ನಾವು ವಾರವಾರವೂ ದೂರುತ್ತೇವೆ. ದೂರು ಸತ್ಯ. ಆದರೆ ಮೊಹಲ್ಲಾದ ಒಳಗೆ ಸುನ್ನಿ, ಸಲಫಿ, ತಬ್ಲೀಗಿ, ಜಮಾಅತಿ ಎಂಬ ಪದಗಳನ್ನು ನಾವು ಬಳಸುವ ರೀತಿ ಅದಕ್ಕಿಂತ ಎಷ್ಟು ಭಿನ್ನ? ಅಡ್ಡಹೆಸರಿಡುವುದನ್ನೂ ಗುಮಾನಿಯನ್ನೂ ಪರನಿಂದೆಯನ್ನೂ ಸೂರಃ ಅಲ್ ಹುಜುರಾತ್ ಒಟ್ಟಾಗಿ ನಿಷೇಧಿಸಿರುವುದನ್ನು ಇವರೆಲ್ಲರ ಮಿಂಬರ್‌ಗಳಿಂದಲೂ ನಾನು ಕೇಳಿದ್ದೇನೆ.

ಇರಲಿ. ನಾನು ಈಗ ಅನುಸರಿಸುತ್ತಿರುವ ಕ್ರಮ ಬಹಳ ಸರಳವಾದುದು. ವ್ಯಕ್ತಿಯ ಮೇಲೆ ಬಂದ ಪತ್ರವನ್ನು ಹರಿಯುವುದಿಲ್ಲ, ಹಿಂದಿರುಗಿಸುತ್ತೇನೆ. ಜೊತೆಗೆ ಒಂದು ಚೀಟಿ: 'ನೀವು ವಿರೋಧಿಸುತ್ತಿರುವವರ ವಾದವನ್ನು, ಅವರು ಓದಿ ಹೌದೆನ್ನುವಂತೆ, ಎರಡು ವಾಕ್ಯಗಳಲ್ಲಿ ಬರೆಯಿರಿ. ನಂತರ ನಿಮ್ಮ ಉತ್ತರ ಬರೆಯಿರಿ.' ಹೆಚ್ಚಿನವರು ಮತ್ತೆ ಬರೆಯುವುದಿಲ್ಲ. ಕೆಲವರು ಫೋನ್ ಮಾಡಿ, ಪತ್ರಿಕೆ ಎದುರಾಳಿಗಳ ಪಾಲಾಗಿದೆಯೆಂದು ಬೈಯುತ್ತಾರೆ. ಸಭ್ಯವಾದ ಪುಟವು ಸಪ್ಪೆಯಾಗುತ್ತದೆಂಬ ದೂರೂ ಇದೆ. ಅದರಲ್ಲಿ ಸ್ವಲ್ಪ ಸತ್ಯವಿದೆ.

ಕಳೆದ ರಮಝಾನ್ ಮುಗಿದಾಗ ಚಂದ್ರದರ್ಶನದ ಬಗ್ಗೆ ಎಂದಿನಂತೆ ಪತ್ರಗಳು ಬಂದವು. ಕರಾವಳಿಯಲ್ಲಿ ಕೇರಳದ ಚಂದ್ರದರ್ಶನವನ್ನು ಆಧರಿಸಿ ಈದ್ ಆಚರಿಸುವಾಗ ಘಟ್ಟದ ಮೇಲೆ ಉಪವಾಸವಿರುವುದು ನಮ್ಮಲ್ಲಿ ಎಷ್ಟೋ ವರ್ಷ ನಡೆದಿದೆ. ಹಾಸನದಲ್ಲಿರುವ ಮಗಳ ಮನೆಗೆ ಮಂಗಳೂರಿನಿಂದ ಹಬ್ಬದೂಟದ ಬುತ್ತಿಯೊಂದಿಗೆ ಹೋದ ತಂದೆ ಅಲ್ಲಿ ಮಗ್ರಿಬ್‌ವರೆಗೆ ಬುತ್ತಿಯನ್ನು ಮುಚ್ಚಿಟ್ಟು ಕುಳಿತುಕೊಳ್ಳುತ್ತಾರೆ. ಯಾರ ಈಮಾನಿಗೂ ಧಕ್ಕೆಯಾಗುವುದಿಲ್ಲ. ಮಿನಾದಲ್ಲಿ ಖಲೀಫಾ ಉಸ್ಮಾನ್(ರ)ರು ನಾಲ್ಕು ರಕಅತ್ ನಮಾಝ್ ನಿರ್ವಹಿಸಿದಾಗ, ಎರಡೇ ಸರಿಯೆಂದು ಭಾವಿಸಿದ್ದ ಇಬ್ನು ಮಸ್ಊದ್(ರ)ರು ಅವರ ಹಿಂದೆ ನಿಂತು ನಾಲ್ಕನ್ನೂ ಪೂರ್ತಿಗೊಳಿಸಿದ್ದರು. ಆದರೆ ಬಂದ ಪತ್ರವೊಂದರಲ್ಲಿ ಎದುರು ಪಕ್ಷದ ಖಾಝಿಯವರ ಉದ್ದೇಶವನ್ನೇ ಪ್ರಶ್ನಿಸಲಾಗಿತ್ತು. ಬರೆದವರು ಯುವಕರು, ಇಂಜಿನಿಯರಿಂಗ್ ವಿದ್ಯಾರ್ಥಿ. ವಾಡಿಕೆಯಂತೆ ಚೀಟಿಯೊಂದಿಗೆ ಪತ್ರವನ್ನು ಹಿಂದಿರುಗಿಸಿದೆ. ಹನ್ನೆರಡು ದಿನಗಳ ನಂತರ ಅದೇ ಹಾಳೆ ಮರಳಿ ಬಂತು. ಖಾಝಿಯವರ ಬಗೆಗಿನ ಮೂರು ಸಾಲುಗಳ ಮೇಲೆ ನೀಲಿ ಪೆನ್ನಿನಿಂದ ಗೆರೆ ಎಳೆಯಲಾಗಿತ್ತು. ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಖಾಝಿಯವರ ವಾದ, ಎರಡಲ್ಲ, ನಾಲ್ಕು ವಾಕ್ಯಗಳಲ್ಲಿ. ಅದರ ಕೆಳಗೆ, 'ನಾನು ಈಗಲೂ ಒಪ್ಪುವುದಿಲ್ಲ' ಎಂದು ಬರೆದು ಸಹಿ ಹಾಕಿದ್ದರು. ಪತ್ರವನ್ನು ಆ ವಾರವೇ ಪ್ರಕಟಿಸಿದೆ. ಶೀರ್ಷಿಕೆ: 'ಚಂದ್ರದರ್ಶನ: ಒಂದು ಭಿನ್ನಾಭಿಪ್ರಾಯ'.