ಬೆಂಡಿನ ಇಮಾನಕ್ಕೂ ಶಾಲೆಯಲ್ಲಿ ಒಂದು ಪಿರಿಯಡ್ ಇರಲಿ

ಹಿಂಗಾರಿ ಜೋಳದ ಕೊಯ್ಲು ಮುಗಿದ ದಿನಗಳು. ಮಸ್ಕಿ ತಾಲ್ಲೂಕಿನ ಒಂದು ಹಳ್ಳಿಗೆ ಕುಡಿಯುವ ನೀರಿನ ಸುದ್ದಿ ಮಾಡಲು ಹೋಗಿದ್ದೆ. ಘಟಕಕ್ಕೆ ಬೀಗ ಹಾಕಿತ್ತು. ಕೀಲಿ ಇದ್ದವರು ಸಿಂಧನೂರಿಗೆ ಹೋಗಿದ್ದರು. ಅವರು ಬರೋತನಕ ಶಾಲೆ ಮುಂದಿನ ಬೇವಿನ ಗಿಡದ ನೆರಳಲ್ಲಿ ಕೂತೆ.

ಬಯಲಿನಲ್ಲಿ ಒಬ್ಬ ಹುಡುಗ ತೊಗರಿ ಕಟ್ಟಿಗೆ ಹಿಡಿದು ನಿಂತಲ್ಲೇ ತಿರುಗುತ್ತಿದ್ದ. ಕಟ್ಟಿಗೆ ತುದಿಗೆ ದಾರ, ದಾರದ ತುದಿಗೆ ಏನೋ ಹಾರುತ್ತಿತ್ತು. ಗಾಳಿಪಟ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ವಿಮಾನ!

"ಏನ್ ಮಾಡಾಕತ್ತೀಯೋ ತಮ್ಮಾ?"

"ಇಮಾನ್ರೀ ಸರ. ನಾನಽ ಮಾಡೀನ್ರಿ."

ಮೈ ಜೋಳದ ದಂಟಿನ ಬೆಂಡಿನದು. ಸಿಪ್ಪೆ ಸುಲಿದು, ಒಳಗಿನ ಬಿಳಿ ಬೆಂಡು ತೆಗೆದು, ಅದೇ ಸಿಪ್ಪೆಯ ಚೂಪು ಸಿಬಿರುಗಳನ್ನು ಮೊಳೆಯಂತೆ ಚುಚ್ಚಿ ಜೋಡಿಸಿದ್ದ. ರೆಕ್ಕೆಗೆ ಹಳೆ ನೋಟ್‌ಬುಕ್ಕಿನ ರಟ್ಟು. ಇಷ್ಟಾದರೆ ನಾವೂ ಚಿಕ್ಕವರಿದ್ದಾಗ ಬೆಂಡಿನ ಬಂಡಿ, ಎತ್ತು ಮಾಡಿದವರೇ. ಆದರೆ ಇವನು ಕಟ್ಟಿದ್ದು ಒಂದು ದಾರ ಅಲ್ಲ, ಎರಡು.

ಮೊದಲನೆಯ ದಾರ ಎಡ ರೆಕ್ಕೆಗೆ. ವಿಮಾನವನ್ನು ಸುತ್ತ ತಿರುಗಿಸುವುದು ಅದು. ಎರಡನೆಯದು ರೆಕ್ಕೆಗೆ ಚುಚ್ಚಿದ ಸೇಫ್ಟಿ ಪಿನ್ನಿನ ಕಣ್ಣೊಳಗೆ ಹಾಯ್ದು ಬಾಲಕ್ಕೆ ಹೋಗುತ್ತದೆ. ಬಾಲದಲ್ಲಿ ಮಡಚುವ ಒಂದು ಸಣ್ಣ ರಟ್ಟಿನ ಪಟ್ಟಿ. ದಾರ ಜಗ್ಗಿದರೆ ಪಟ್ಟಿ ಮೇಲೆದ್ದು ವಿಮಾನ ಮೂತಿ ಎತ್ತುತ್ತದೆ. ಬಿಟ್ಟರೆ ಒಂದು ರಬ್ಬರ್ ಬ್ಯಾಂಡ್ ಪಟ್ಟಿಯನ್ನು ಕೆಳಗೆ ಎಳೆಯುತ್ತದೆ, ವಿಮಾನ ಇಳಿಯುತ್ತದೆ.

"ಇದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ರಿ. ಬೆಂಗ್ಳೂರಾಗ ನೋಡಿದ್ನಿರಿ. ಹಾರೂಮುಂದ ಬಾಲದಾಗ ಹಿಂಗ ಅಲ್ಲಾಡ್ತದ್ರಿ."

ಅವನ ಅಪ್ಪ, ಅವ್ವ ದೇವನಹಳ್ಳಿ ಕಡೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದರಂತೆ. ನಾಲ್ಕು ತಿಂಗಳು ಇವನೂ ಜೊತೆಗಿದ್ದ. ತಗಡಿನ ಶೆಡ್ಡಿನ ಮೇಲೆ ದಿನಾ ವಿಮಾನ ಹಾಯುತ್ತಿದ್ದವು. ಇವನಿಗೆ ಬೇರೆ ಕೆಲಸ ಇರಲಿಲ್ಲ, ನೋಡುತ್ತಾ ಕೂತ. ಆ ನಾಲ್ಕು ತಿಂಗಳನ್ನು ನಮ್ಮ ಶಾಲೆಯ ಹಾಜರಿ ಪುಸ್ತಕ "ಗೈರು" ಎಂದು ಬರೆದುಕೊಂಡಿದೆ.

ಅಷ್ಟರಲ್ಲಿ ಮೇಷ್ಟ್ರು ಬಂದರು. "ಅವನ ಕೈಯಾಗ ಯಾವಾಗ್ಲೂ ಏನರ ಇರ್ತದ್ರಿ, ಪುಸ್ತಕ ಒಂದು ಬಿಟ್ಟು," ಅಂದರು. ನಕ್ಕೆವು. ಹುಡುಗ ನಗಲಿಲ್ಲ. ದಾರ ಸುತ್ತಿಕೊಂಡು ಹೋದ. ಆ ನಗೆ ನನಗೆ ಈಗಲೂ ಚುಚ್ಚುತ್ತಿದೆ. ಈ ಬರಹ ಅದಕ್ಕೇ.

ಆ ಹುಡುಗ ಮಾಡಿದ್ದು ಆಟದ ಸಾಮಾನು ಹೌದು. ಆದರೆ ವಿಮಾನದ ಚರಿತ್ರೆಯೇ ಆಟದ ಸಾಮಾನಿನಿಂದ, ದಾರದಿಂದ ಶುರುವಾಗಿದೆ. 1878ರಲ್ಲಿ ಅಮೆರಿಕದ ಒಬ್ಬ ತಂದೆ ತನ್ನಿಬ್ಬರು ಗಂಡುಮಕ್ಕಳಿಗೆ ಬಿದಿರು, ಕಾರ್ಕು, ಕಾಗದದಿಂದ ಮಾಡಿದ, ರಬ್ಬರ್ ಬ್ಯಾಂಡಿನಿಂದ ಹಾರುವ ಒಂದು ಆಟಿಕೆ ತಂದುಕೊಟ್ಟ. ದೊಡ್ಡವನಿಗೆ 11 ವರ್ಷ, ಸಣ್ಣವನಿಗೆ 7. ಅವರೇ ವಿಲ್ಬರ್ ಮತ್ತು ಆರ್ವಿಲ್ ರೈಟ್. ಆಟಿಕೆ ಮುರಿದ ಮೇಲೆ ತಾವೇ ಅಂಥದ್ದನ್ನು ಮಾಡಿಕೊಂಡರು.

ಮುಂದೆ 1899ರಲ್ಲಿ ವಿಲ್ಬರ್ ಸುಮಾರು ಐದು ಅಡಿ ಅಗಲದ, ಎರಡು ಅಂತಸ್ತಿನ ರೆಕ್ಕೆಯ ಗಾಳಿಪಟ ಕಟ್ಟಿದ. ಅದಕ್ಕೆ ನಾಲ್ಕು ದಾರ. ಎರಡು ಕೈಯಲ್ಲಿ ಎರಡು ಕಟ್ಟಿಗೆ ಹಿಡಿದು ದಾರ ಜಗ್ಗಿದರೆ ರೆಕ್ಕೆಯ ತುದಿ ತಿರುಚಿಕೊಂಡು ಗಾಳಿಪಟ ಹೇಳಿದ ಕಡೆ ವಾಲುತ್ತಿತ್ತು. ಹಾರುವುದನ್ನು ಹಿಡಿತದಲ್ಲಿ ಇಡುವುದು ಹೇಗೆ ಎಂಬ ಪ್ರಶ್ನೆಗೆ ಅವನು ಮೊದಲು ಉತ್ತರ ಹುಡುಕಿದ್ದು ದಾರದ ತುದಿಯಲ್ಲಿ. ಆಮೇಲೆ 1903ರ ಡಿಸೆಂಬರ್ 17ರಂದು ಎಂಜಿನ್ ಇಟ್ಟು, ಮನುಷ್ಯ ಬೋರಲು ಮಲಗಿ ಹಾರಿದ್ದು. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ನಮ್ಮ ಹಳ್ಳಿಯ ಒಂದು ಓಣಿಯ ಉದ್ದವೂ ಅಲ್ಲ.

ಅಣ್ಣತಮ್ಮ ಇಬ್ಬರೂ ಸೈಕಲ್ ರಿಪೇರಿ ಅಂಗಡಿ ಇಟ್ಟವರು. ಕಾಲೇಜು ಮುಗಿಸಿದವರಲ್ಲ. ಮಸ್ಕಿಯ ಹುಡುಗನೂ ಮುಂದೆ ರೈಟ್ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಅಂಥ ಮಾತು ಕೇಳಲಿಕ್ಕೆ ಚೆಂದ, ಅಷ್ಟೇ. ನಾನು ಹೇಳುವುದು ಬೇರೆ. ಆ ಎರಡು ದಾರದಲ್ಲಿ ಏಳನೇ ತರಗತಿಯ ಗಣಿತವೂ ಇದೆ, ವಿಜ್ಞಾನವೂ ಇದೆ. ನಾವು ಅದನ್ನು ಪಾಠ ಅಂತ ಒಪ್ಪುತ್ತಿಲ್ಲ.

ಲೆಕ್ಕ ಹಾಕೋಣ ಬನ್ನಿ. ದಾರ ಮೂರು ಮೀಟರ್ ಅಂತ ಇಟ್ಟುಕೊಳ್ಳಿ. ವಿಮಾನ ಒಂದು ಸುತ್ತು ಬಂದರೆ ಎಷ್ಟು ದೂರ ಹಾರಿತು? ಎರಡು, ಗುಣಿಸು 22/7, ಗುಣಿಸು ಮೂರು: ಸುಮಾರು 19 ಮೀಟರ್. ಮೊಬೈಲಿನ ಗಡಿಯಾರ ಹಚ್ಚಿ ನೋಡಿ, ಒಂದು ಸುತ್ತಿಗೆ ಮೂರು ಸೆಕೆಂಡು ಅನ್ನಿ. ಅಂದರೆ ಸೆಕೆಂಡಿಗೆ ಆರು ಮೀಟರಿಗಿಂತ ಜಾಸ್ತಿ, ಗಂಟೆಗೆ ಸುಮಾರು 23 ಕಿಲೋಮೀಟರ್. "ವೃತ್ತದ ಪರಿಧಿ" ಅಂತ ಬೋರ್ಡಿನ ಮೇಲೆ ಬರೆದರೆ ಆಕಳಿಸುವ ಮಕ್ಕಳು "ನಿನ್ನ ಇಮಾನದ ಸ್ಪೀಡ್ ಎಷ್ಟು?" ಅಂದರೆ ತಾವೇ ಲೆಕ್ಕಕ್ಕೆ ಕೂಡುತ್ತಾರೆ.

ಇನ್ನು ವಿನ್ಯಾಸ. ಮನೆಗೆ ಬಂದು ನನ್ನ ಮಗಳ ಜೊತೆ ನಾನೂ ಒಂದು ಮಾಡಿದೆ. ಮೊದಲ ನಾಲ್ಕು ಸಲ ನೆಲಕ್ಕೆ ಬಡಿಯಿತು. ಆಗ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಒಂದು, ತೂಕದ ಸಮತೋಲ. ಎರಡು ಬೆರಳ ಮೇಲೆ ರೆಕ್ಕೆ ಇಟ್ಟು ವಿಮಾನವನ್ನು ತೂಗಿ ನೋಡಬೇಕು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಲ್ಲಿ ಬೆರಳಿಟ್ಟಾಗ ಸಮ ನಿಲ್ಲಬೇಕು. ರೆಕ್ಕೆ ಎಂಟು ಸೆಂಟಿಮೀಟರ್ ಅಗಲವಿದ್ದರೆ ಎರಡು ಸೆಂಟಿಮೀಟರಿಗೆ. ಬಾಲ ಭಾರವಾದರೆ ಮೂತಿ ಎತ್ತಿ, ಗಾಳಿಯಲ್ಲಿ ನಿಂತು, ದಬ್ಬನೆ ಬೀಳುತ್ತದೆ. ಮೂತಿಗೆ ಒಂದಿಷ್ಟು ಎರೆಮಣ್ಣು ಮೆತ್ತಿದರೆ ಸರಿಹೋಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣೇ ಸಾಕು.

ಎರಡು, ದಾರ ಕಟ್ಟುವ ಜಾಗ. ಆ ಸಮತೋಲದ ಬಿಂದುವಿಗಿಂತ ಒಂದು ಕಾಳಿನಷ್ಟು ಹಿಂದಕ್ಕೆ ಕಟ್ಟಬೇಕು. ಆಗ ಮೂತಿ ತುಸು ಹೊರಗೆ ತಿರುಗಿ ದಾರ ಬಿಗಿಯಾಗಿರುತ್ತದೆ. ಮುಂದೆ ಕಟ್ಟಿದರೆ ಮೂತಿ ನಿಮ್ಮ ಕಡೆಗೇ ತಿರುಗಿ, ದಾರ ಸಡಿಲಾಗಿ, ವಿಮಾನ ಮೈಮೇಲೆ ಬರುತ್ತದೆ.

ಮೂರು, ದಾರಕ್ಕೂ ತೂಕ ಇದೆ. ಅದು ಎಡ ರೆಕ್ಕೆಯನ್ನು ಜಗ್ಗುತ್ತದೆ. ಅದಕ್ಕೆ ಬಲ ರೆಕ್ಕೆಯ ತುದಿಗೂ ಒಂದು ಚೂರು ಮಣ್ಣು. ನಮ್ಮ ಹೆಣ್ಣುಮಕ್ಕಳು ತಕ್ಕಡಿ ಹಿಡಿದಾಗ ಮಾಡುವ ಲೆಕ್ಕವೇ ಇದು.

ಇಷ್ಟಕ್ಕೆ ಬೇಕಾದದ್ದೆಲ್ಲ ಊರಲ್ಲೇ ಇದೆ. ಹೊರದೇಶಗಳಲ್ಲಿ ಇಂಥ ಮಾದರಿ ವಿಮಾನಕ್ಕೆ ಬಾಲ್ಸಾ ಅನ್ನುವ ಹಗುರ ಕಟ್ಟಿಗೆಯನ್ನು ದುಡ್ಡು ಕೊಟ್ಟು ತರುತ್ತಾರೆ. ನಮ್ಮ ಜೋಳದ ಬೆಂಡು ಕಣದಲ್ಲಿ ಬಿದ್ದಿರುತ್ತದೆ. ಅಂಟು ಬೇಕಾದರೆ ಹುಣಸೆ ಬೀಜ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆ ಮಾಡುವಾಗ ಹುಣಸೆ ಬೀಜದ ಅಂಟನ್ನೇ ಬಳಸುತ್ತಾ ಬಂದವರು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ದಾರ ಹತ್ತಿಯದೇ ಇರಲಿ. ನೈಲಾನ್ ದಾರ, ಗಾಜಿನ ಪುಡಿ ಹಚ್ಚಿದ ಮಾಂಜಾ ಬೇಡವೇ ಬೇಡ. ಅದು ಕುತ್ತಿಗೆ ಕೊಯ್ಯುತ್ತದೆ, ಹಕ್ಕಿ ಕೊಲ್ಲುತ್ತದೆ. ಅಂಥ ಮಾಂಜಾವನ್ನು 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧಿಸಿದೆ. ಹೊಲದಲ್ಲಿ ಪಂಪ್‌ಸೆಟ್ಟಿನ ತಂತಿ ಜೋತುಬಿದ್ದ ಕಡೆ ಇದನ್ನು ಆಡಲೇಬಾರದು. ಬಯಲೇ ಬೇಕು.

ಇಲ್ಲೊಂದು ವಿಷಯ ಮನಸ್ಸಿಗೆ ಬಂತು. ಸಿಂಧನೂರಿನ ನನ್ನ ಗೆಳೆಯನಿಗೆ ಬೆಂಡಿನ ವಿಮಾನದ ಫೋಟೊ ಕಳಿಸಿದೆ. "ನಮ್ಮೂರಾಗ ಬೆಂಡು ಎಲ್ಲಿ ತರ್ಲೋ ಮಾರಾಯಾ, ಎಲ್ಲಾ ನೆಲ್ಲು," ಅಂದ. ನಿಜ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆ ಸೀಮೆ ಭತ್ತದ್ದಾಯಿತು. ದುಡ್ಡು ಬಂತು, ಬೇಡ ಅನ್ನಲಾಗದು. ಆದರೆ ಜೋಳದ ಜೊತೆ ದಂಟು ಹೋಯಿತು, ದಂಟಿನ ಜೊತೆ ಬೆಂಡಿನ ಬಂಡಿಯೂ ಹೋಯಿತು. ಲಿಂಗಸುಗೂರು, ಮಸ್ಕಿಯ ಒಣಬೇಸಾಯದ ಹಳ್ಳಿಗಳಲ್ಲಿ ಮಕ್ಕಳ ಕೈಗೆ ಇನ್ನೂ ದಂಟು ಸಿಗುತ್ತದೆ. ಗುಳೆ ಹೋಗುವವರೂ ಇಲ್ಲಿಯವರೇ ಹೆಚ್ಚು. ನಾವು ಹಿಂದುಳಿದವರು ಅಂತ ಕರೆಯುವ ಊರಿನ ಮಕ್ಕಳ ಕೈಯಲ್ಲೇ ಈ ಸಾಮಾನು ಉಳಿದಿದೆ.

ಈಗ ಮೇಷ್ಟ್ರುಗಳ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. "ಎಸ್ಸೆಸ್ಸೆಲ್ಸಿ ಫಲಿತಾಂಶದಾಗ ನಮ್ಮ ಜಿಲ್ಲೆ ಕೆಳಗೈತಿ ಅಂತ ನೀವಽ ಬರೀತೀರಿ. ಈಗ ಇಮಾನ ಹಾರಿಸ್ರಿ ಅಂತೀರಿ. ಅತಿಥಿ ಶಿಕ್ಷಕರ ಮ್ಯಾಲೆ ಸಾಲಿ ನಡ್ದಾವು. ಯಾವುದು ಮಾಡೋಣ?" ಅಂತ ಒಬ್ಬರು ನನ್ನನ್ನೇ ಕೇಳಿದರು. ಹೌದು, ಆ ಸುದ್ದಿಗಳನ್ನು ನಾನೂ ಬರೆದಿದ್ದೇನೆ. ಕಾಲಂ ಲೆಕ್ಕದಲ್ಲಿ ದುಡ್ಡು ಕೊಡುವ ಪತ್ರಿಕೆಗೆ ಫಲಿತಾಂಶದ ಪಟ್ಟಿ ಕಳಿಸುವುದು ಸುಲಭ. ಮಗು ಯಾಕೆ ಶಾಲೆ ಬಿಟ್ಟಿತು ಅಂತ ಬರೆಯುವುದು ಕಷ್ಟ.

ಆದರೆ ಫಲಿತಾಂಶ ಕೆಳಗಿರುವುದು ನಮ್ಮ ಮಕ್ಕಳು ಆಡಿದ್ದಕ್ಕಲ್ಲ. ನಾಲ್ಕು ತಿಂಗಳು ಗುಳೆ ಹೋಗಿ ಬಂದ ಹುಡುಗನನ್ನು ಹಿಂದಿನ ಬೆಂಚಿಗೆ ಕೂಡಿಸಿ "ನಿನಗೇನೂ ಬರೋದಿಲ್ಲ" ಅಂದರೆ ಎಂಟನೇ ತರಗತಿಗೆ ಅವನು ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕೆ ನಿಲ್ಲುತ್ತಾನೆ. "ನಿನಗೆ ಬರೋದು ಇವರಿಗೂ ತೋರ್ಸಪಾ" ಅಂತ ಒಂದು ದಿನ ಮುಂದೆ ನಿಲ್ಲಿಸಿದರೆ ಆ ಮಗು ಮರುದಿನವೂ ಬರುತ್ತದೆ. ಹಾಜರಿ ಇಲ್ಲದೆ ಫಲಿತಾಂಶ ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಭತ್ತದ ಗದ್ದೆಗಳಿಗೆ ಔಷಧಿ ಹೊಡೆಯುವ ಡ್ರೋನ್ ಬರುವ ಕಾಲ ಇದು. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ತಂದಿದೆ. ಡ್ರೋನ್ ಹಾರಿಸುವ ಪ್ರಮಾಣಪತ್ರ ಪಡೆಯಬೇಕಾದರೆ 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು. ರಾಯಚೂರು ಹತ್ತಿರ ಯರಮರಸಿನಲ್ಲಿ ವಿಮಾನ ನಿಲ್ದಾಣದ ಯೋಜನೆಯೂ ಇದೆ. ನಾಳೆ ಅಲ್ಲಿ ನಮ್ಮ ಮಕ್ಕಳು ಗಾರೆ ಹೊರುವುದು ಮಾತ್ರವೋ, ಬೇರೆ ಕೆಲಸವನ್ನೂ ಮಾಡುತ್ತಾರೋ ಎಂಬುದು ಹತ್ತನೆಯ ತರಗತಿವರೆಗೆ ಅವರನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದರ ಮೇಲೆ ನಿಂತಿದೆ.

ಹಾಗಂತ ಇದಕ್ಕೆ ಹೊಸ ಯೋಜನೆ, ಹೊಸ ಟೆಂಡರ್ ಕರೆಯಿರಿ ಅನ್ನುತ್ತಿಲ್ಲ. ಅಟಲ್ ಟಿಂಕರಿಂಗ್ ಲ್ಯಾಬಿಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ. ಒಳ್ಳೆಯದೇ. ಆದರೆ ನಾನು ನೋಡಿದ ಒಂದು ಕಡೆ, ಹೆಸರು ಬೇಡ, ಮಷಿನ್ನಿಗೆ ಬಟ್ಟೆ ಹೊದಿಸಿ ಬೀಗ ಹಾಕಿದ್ದರು. "ಹುಡುಗ್ರು ಮುಟ್ಟಿ ಕೆಡಿಸ್ತಾವ್ರಿ" ಅಂದರು. ಮುಟ್ಟಿದರೆ ಕೆಡುತ್ತದೆ ಅಂತ ಬೀಗ ಹಾಕಿದ ಮಷಿನ್ನಿಗಿಂತ, ಮುರಿದರೆ ಇನ್ನೊಂದು ಮಾಡಿಕೊಳ್ಳಬಹುದಾದ ಬೆಂಡು ಮಗುವಿಗೆ ಹೆಚ್ಚು ಕಲಿಸುತ್ತದೆ.

ಪಾಲಕರಿಗೂ ಒಂದು ಮಾತು. ಅಂಬಾಮಠದ ಜಾತ್ರೆಯಲ್ಲಿ ಪ್ಲಾಸ್ಟಿಕ್ ವಿಮಾನ ಕೊಡಿಸುತ್ತೀರಿ. ಕೊಡಿಸಿ, ಜಾತ್ರೆ ಅಂದ ಮೇಲೆ ಬೇಕು. ಅದು ಮುರಿದ ಮೇಲೆ ಮಗು ಅದನ್ನು ಬಿಚ್ಚಿ ನೋಡಲು ಕೂತರೆ ಮಾತ್ರ ಬೈಯಬೇಡಿ. ಅಕಸ್ಮಾತ್ ಹೆಣ್ಣುಮಗು ಬೆಂಡು, ದಾರ ಹಿಡಿದು ಕೂತರೆ "ಇದು ಗಂಡುಹುಡುಗರ ಆಟ" ಅನ್ನಬೇಡಿ. ನನ್ನ ಮಗಳು ಕಟ್ಟಿದ ಬಾಲ ನನ್ನದಕ್ಕಿಂತ ನೆಟ್ಟಗಿತ್ತು.

ನಾನು ಕೇಳುವುದು ಇಷ್ಟೇ. ಸರ್ಕಾರಿ ಶಾಲೆಗಳಲ್ಲಿ ಬ್ಯಾಗ್ ಇಲ್ಲದ "ಸಂಭ್ರಮ ಶನಿವಾರ" ಅಂತ ಈಗಾಗಲೇ ಇದೆ. ಅಂಥ ಒಂದು ಶನಿವಾರ, ಒಂದು ಪಿರಿಯಡ್ ಮಕ್ಕಳು ಕೈಯಿಂದ ಮಾಡುವುದಕ್ಕೆ ಬಿಡಲಿ. ಎಸ್‌ಡಿಎಂಸಿಯವರು ಊರಿನ ಬಡಿಗೇರರನ್ನೋ ಸೈಕಲ್ ಅಂಗಡಿಯವರನ್ನೋ ಒಂದು ತಾಸು ಕರೆಯಲಿ. ಗುಳೆಯಿಂದ ವಾಪಸ್ ಬಂದ ಮಗುವಿಗೆ "ಎಲ್ಲಿ ಹೋಗಿದ್ದಿ?" ಅಂತ ಗದರಿಸುವ ಬದಲು "ಏನೇನು ನೋಡಿ ಬಂದಿ?" ಅಂತ ಕೇಳಲಿ.

1915ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನ ಕಂಡವರು ಬೀಡನ್ ಎಂಬ ಗಣಿ ಎಂಜಿನಿಯರ್. ಅವರ ಕಸುಬು ಚಿನ್ನದ್ದು, ಕಣ್ಣಿಗೆ ಬಿದ್ದದ್ದು ಅಕ್ಷರ. ಅದನ್ನು ಬರೀ ಕಲ್ಲು ಅಂತ ಬಿಟ್ಟು ಹೋಗಿದ್ದರೆ ಅಶೋಕನ ಹೆಸರೇ ಇರುವ ಆ ಶಾಸನ ಇನ್ನೆಷ್ಟು ಕಾಲ ಹಾಗೇ ಬಿದ್ದಿರುತ್ತಿತ್ತೋ. ನಾವೂ ಅಂಕ ಹುಡುಕುವಾಗ ಕಣ್ಣಿಗೆ ಬೀಳುವ ಬೇರೆಯದನ್ನು ಒದ್ದು ಮುಂದೆ ಹೋಗುವುದು ಬೇಡ.

ಮೊನ್ನೆ ಮತ್ತೆ ಆ ಹಳ್ಳಿಗೆ ಹೋಗಿದ್ದೆ. ನೀರಿನ ಘಟಕಕ್ಕೆ ಇನ್ನೂ ಬೀಗ ಇತ್ತು. ಹುಡುಗ ಸಿಕ್ಕ. ನಾನು ಮಾಡಿದ ವಿಮಾನ ತೋರಿಸಿದೆ. ಕೈಯಲ್ಲಿ ಹಿಡಿದು ತೂಗಿ ನೋಡಿ, "ಮೂತಿಗೆ ಮಣ್ಣು ಜಾಸ್ತಿ ಆತ್ರಿ ಸರ," ಅಂದು ಒಂದು ಚೂರು ಕಿತ್ತುಹಾಕಿದ. ಆಮೇಲೆ ಅದು ಚೆನ್ನಾಗಿ ಹಾರಿತು. ಈ ಸಲ ಮೇಷ್ಟ್ರೂ ಬಂದು ನಿಂತು ನೋಡಿದರು. ಬರುವ ಶನಿವಾರ ಎಲ್ಲ ಮಕ್ಕಳಿಗೂ ಅವನಿಂದಲೇ ಹೇಳಿಸುತ್ತೇನೆ ಅಂದಿದ್ದಾರೆ. ಶನಿವಾರದ ಹೊತ್ತಿಗೆ ಅವನ ಅಪ್ಪ, ಅವ್ವ ಮತ್ತೆ ಬೆಂಗಳೂರು ಬಸ್ಸು ಹತ್ತದಿದ್ದರೆ ಸಾಕು.