ಲೆಕ್ಕ ಕಂಪ್ಯೂಟರಿಗೆ ಏರುವ ಮುನ್ನ



ಸಹಕಾರ ಸಂಘಗಳ ಲೆಕ್ಕಪತ್ರ ಲೆಡ್ಜರಿನಿಂದ ಕಂಪ್ಯೂಟರಿಗೆ ಏರುವ ಕಾಲವಿದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. 63,000 ಸಂಘಗಳು, 2,516 ಕೋಟಿ ರೂಪಾಯಿ, ದೇಶಕ್ಕೆಲ್ಲ ಒಂದೇ ತಂತ್ರಾಂಶ ಎಂಬುದು ಆಗಿನ ಅಂದಾಜು. ನಮ್ಮಂಥ ಮಾರಾಟ ಸಂಘಗಳೂ ಇದೇ ದಾರಿ ಹಿಡಿದಿವೆ. ದಾಸ್ತಾನು, ಮಾರಾಟ, ಮುಂಗಡ, ಷೇರು, ಸಿಬ್ಬಂದಿ ಸಂಬಳ ಎಲ್ಲವನ್ನೂ ಒಂದೇ ಕಡೆ ಜೋಡಿಸುವ ಇ.ಆರ್.ಪಿ. ಎಂಬ ತಂತ್ರಾಂಶವನ್ನು ಅಳವಡಿಸಲು ಪೇಟೆಯಿಂದ ಸಲಹೆಗಾರರು ಬರುತ್ತಿದ್ದಾರೆ. ಬುದ್ಧಿವಂತ ಹುಡುಗರು, ದುಡಿಯುವವರು. ಆದರೆ ಅವರಿಗೆ ಕಂಪ್ಯೂಟರು ಗೊತ್ತು, ಅಡಿಕೆ ಮಂಡಿ ಗೊತ್ತಿಲ್ಲ. ಅವರಿಗೆ ಹೇಳಬೇಕಾದ ನಾಲ್ಕು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ನಿಮ್ಮದಾದ್ದರಿಂದ ನೀವೂ ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ಕೆಲಸ ಶುರು ಮಾಡುವ ಮುಂಚೆ ಒಂದು ಮಾರಾಟದ ದಿನ ಬೆಳಗಿನಿಂದ ಸಂಜೆಯವರೆಗೆ ನಮ್ಮ ಗೋದಾಮಿನಲ್ಲಿ ಕುಳಿತು ನೋಡಿರಿ. ಸದಸ್ಯರು ಅಡಿಕೆ ತಂದು ಇಳಿಸಿದರೆಂದರೆ ಸಂಘ ಅದನ್ನು ಕೊಂಡಿತೆಂದು ಅರ್ಥವಲ್ಲ. ಮಾಲು ಅವರದೇ, ಸಂಘ ದಲ್ಲಾಳಿ ಮಾತ್ರ. ಅದರ ಮೇಲೆ ಅವರು ಮುಂಗಡ ಪಡೆಯಬಹುದು. ಟೆಂಡರಿನಲ್ಲಿ ಬಂದ ದರ ಒಪ್ಪಿಗೆಯಾಗದಿದ್ದರೆ ಮುಂದಿನ ವಾರಕ್ಕೆ ಇಡಬಹುದು. ಅಂಗಡಿಗೆಂದು ಬರೆದ ತಂತ್ರಾಂಶ ಒಳಬಂದ ಚೀಲವನ್ನೆಲ್ಲ ಖರೀದಿಯೆಂದೇ ಬರೆದುಕೊಳ್ಳುತ್ತದೆ. ಆಗ ಸದಸ್ಯರ ಮಾಲು ಸಂಘದ ಆಸ್ತಿಯಾಗಿ ಕಾಣುತ್ತದೆ, ಕೊಡಬೇಕಿಲ್ಲದ ಬಾಕಿ ಸಂಘದ ತಲೆಗೆ ಬರುತ್ತದೆ. ಅಳತೆಯ ಮಾತೂ ಹೀಗೆಯೇ. ಅಡಿಕೆ ದರ ಕ್ವಿಂಟಾಲಿಗೆ, ಕಾಫಿ ದರ 50 ಕಿಲೋ ಚೀಲಕ್ಕೆ. ಕಾಫಿಗೆ ಔಟ್‌ಟರ್ನ್ ನೋಡಬೇಕು. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಇವಕ್ಕೆಲ್ಲ ಬೇರೆ ಬೇರೆ ದರ. ‘ಅಡಿಕೆ’ ಎಂದು ಒಂದೇ ಕಾಲಂ ಕೊಟ್ಟರೆ ಸಾಲದು.

ಎರಡನೆಯದು ಕಾಲದ ಮಾತು. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ನಡೆದಿರುವಾಗ ಲೆಕ್ಕ ಬದಲಾಯಿಸಲು ಹೊರಡಬೇಡಿರಿ. ಅಮೆರಿಕದ ಹರ್ಷಿ ಚಾಕೊಲೇಟ್ ಕಂಪನಿ ಇದೇ ಪಾಠ ಕಲಿತದ್ದು 1999ರಲ್ಲಿ. ಸುಮಾರು 11 ಕೋಟಿ ಡಾಲರು ಖರ್ಚಿನ ಅವರ ಹೊಸ ವ್ಯವಸ್ಥೆ ಏಪ್ರಿಲಿನಲ್ಲಿ ಆರಂಭವಾಗಬೇಕಿತ್ತು. ತಡವಾಗಿ ಜುಲೈನಲ್ಲಿ ಆರಂಭವಾಯಿತು. ಅಕ್ಟೋಬರಿನ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳಿಂದ ಬೇಡಿಕೆ ಬರುವ ಹೊತ್ತು ಅದು. ಗೋದಾಮುಗಳಲ್ಲಿ ಮಿಠಾಯಿ ಇತ್ತು, ಕಳುಹಿಸಲಾಗಲಿಲ್ಲ. ಸುಮಾರು 10 ಕೋಟಿ ಡಾಲರಿನ ಮಾಲಿನ ಬೇಡಿಕೆ ಪೂರೈಸಲಾಗದೆ ಹೋಯಿತು. ಅಷ್ಟು ದೊಡ್ಡವರ ಪಾಡೇ ಹೀಗಾದರೆ ನಮ್ಮದೇನು? ಮಾರ್ಚ್ 31ರ ಶಿಲ್ಕನ್ನು ಏಪ್ರಿಲ್ 1ಕ್ಕೆ ಏರಿಸಿ, ಮಳೆಗಾಲವಿಡೀ ಲೆಡ್ಜರು ಮತ್ತು ಕಂಪ್ಯೂಟರು ಎರಡರಲ್ಲೂ ಬರೆಸಿ, ತಿಂಗಳಿಗೊಮ್ಮೆ ತಾಳೆ ನೋಡಿರಿ. ನಮ್ಮ ಗುಮಾಸ್ತರಿಗೆ ಕಲಿಯಲು ಬಿಡುವು ಸಿಗುವುದೂ ಆಗಲೇ.

ಮೂರನೆಯದು ಹೆಸರು, ವಿಳಾಸ. ಈ ಸೀಮೆಯ ಹಳೆಯ ಲೆಡ್ಜರುಗಳಲ್ಲಿ ‘ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ’ ಎಂದಿದೆ. 1997ರಲ್ಲಿ ಜಿಲ್ಲೆ ದಾವಣಗೆರೆಯಾಯಿತು, ಆಮೇಲೆ ತಾಲ್ಲೂಕು ನ್ಯಾಮತಿಯಾಯಿತು. ತೋಟ ಮಾತ್ರ ಇದ್ದಲ್ಲೇ ಇದೆ. ಪೌತಿ ಖಾತೆಯಾಗದೆ ತಾತನ ಹೆಸರಿನಲ್ಲೇ ಉಳಿದ ಜಮೀನುಗಳೂ ಇವೆ. ಆದ್ದರಿಂದ ಹೊಸ ಖಾತೆಯಲ್ಲಿ ಹಳೆಯ ಲೆಡ್ಜರಿನ ಪುಟಸಂಖ್ಯೆಗೆ ಜಾಗವಿರಲಿ.

ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ಆರಂಭ ಶಿಲ್ಕನ್ನು ಸದಸ್ಯರು ನೋಡಿ ಸಹಿ ಹಾಕುವ ತನಕ ಲೆಕ್ಕ ಏರಿತೆಂದು ಹೇಳಬೇಡಿರಿ. ಇದನ್ನು ನನ್ನ ತಪ್ಪಿನಿಂದಲೇ ಕಲಿತೆ. ನಮ್ಮಲ್ಲಿ ಮೊದಲ ಸಲ ಲೆಕ್ಕ ಕಂಪ್ಯೂಟರಿಗೆ ಹಾಕಿದಾಗ ಒಟ್ಟು ಮೊತ್ತ ತಾಳೆಯಾಯಿತೆಂದು ನಾನು ಕೆಲಸ ಮುಗಿದಿದೆಯೆಂಬ ಪತ್ರಕ್ಕೆ ಸಹಿ ಮಾಡಿಬಿಟ್ಟೆ. ಒಂದೇ ಹೆಸರಿನ ಇಬ್ಬರು ಸದಸ್ಯರಿದ್ದರು. ಒಬ್ಬರ ಮುಂಗಡ ಇನ್ನೊಬ್ಬರ ಖಾತೆಗೆ ಹೋಗಿತ್ತು. ಒಟ್ಟು ಸರಿಯಿದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಅಡಿಕೆ ಮಾರಿ ಪಟ್ಟಿ ಪಡೆದ ಆ ಹಿರಿಯರು, “ಸೆಕ್ರೆಟ್ರಿಗಳೇ, ನಾನು ಮುಂಗಡಾನೇ ತಗಂಡಿಲ್ಲ, ಮುರಕಂಡಿದ್ದು ಯಾಕೆ?” ಎಂದು ಕೇಳಿದರು. ಕಂಪ್ಯೂಟರಿನಲ್ಲಿ ಹೀಗಿದೆ ಎಂದು ನಾನು ಉತ್ತರ ಕೊಟ್ಟೆ. ಆ ಮಾತಿಗೆ ಇಂದಿಗೂ ನಾಚುತ್ತೇನೆ. ಹಳೆಯ ಲೆಡ್ಜರು ತೆಗೆದು ನೋಡಿ ತಿದ್ದುವ ಹೊತ್ತಿಗೆ ಮೂರು ವಾರವಾಯಿತು. ಅಷ್ಟರಲ್ಲಿ ಸುಲಿತದವರ ಕೂಲಿಗಾಗಿ ಅವರು ಕೈಸಾಲ ಮಾಡಿದ್ದರು.

ತಂತ್ರಾಂಶ ಬೇಡವೆನ್ನುವವನು ನಾನಲ್ಲ. ಬಾಕಿ ಎಷ್ಟೆಂದು ಕೇಳಿದ ಕೂಡಲೇ ಹೇಳಬಹುದು, ಆಡಿಟ್ ಬೇಗ ಮುಗಿಯುತ್ತದೆ, ಕಾರ್ಯದರ್ಶಿಯ ಕೈಚಳಕಕ್ಕೂ ಅವಕಾಶ ಕಡಿಮೆ. ಆದರೆ ಲೆಡ್ಜರಿನ ತಪ್ಪಿಗೆ ಕೆಂಪು ಶಾಯಿಯಲ್ಲಿ ತಿದ್ದುವ ದಾರಿಯಿತ್ತು. ಅಚ್ಚಾಗಿ ಬಂದ ತಪ್ಪನ್ನು ಎಲ್ಲರೂ ಸತ್ಯವೆಂದು ನಂಬುತ್ತಾರೆ.

ಆದ್ದರಿಂದ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ಶಿಲ್ಕಿನ ಚೀಟಿ ಮನೆಗೆ ಬಂದಾಗ ಮೂಲೆಗೆ ಎಸೆಯಬೇಡಿರಿ. ಪಾಸ್‌ಬುಕ್ಕು, ರಸೀದಿ, ಪಟ್ಟಿ ಹಿಡಿದು ಸಂಘಕ್ಕೆ ಬನ್ನಿರಿ. ಹೊಂದದಿದ್ದರೆ ಸಹಿ ಹಾಕಬೇಡಿರಿ. ಕಂಪ್ಯೂಟರಿನಲ್ಲಿ ಹೀಗಿದೆ ಎಂದು ಯಾರಾದರೂ ಹೇಳಿದರೆ, ನಾನೇ ಹೇಳಿದರೂ ಸರಿಯೇ, ಲೆಡ್ಜರು ತೆಗೆಸಿ ನೋಡಿರಿ.

— ಕಾರ್ಯದರ್ಶಿ, ಸವಳಂಗ